ಡ್ರಮ್ಮು ಏಳುವ ತನಕ

ಕೊಡ್ಲಿಯಲ್ಲಿ ಹುಟ್ಟಿ ದಂಡೋತಿಗೆ ಸೊಸೆಯಾಗಿ ಬಂದ ಮರೆಮ್ಮನಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಎಂಬತ್ತೊಂದನೇ ಇಸವಿಯ ಬೇಸಿಗೆಯಲ್ಲಂತೂ ತಟ್ಟುತ್ತಿದ್ದ ರೊಟ್ಟಿಯನ್ನೂ ಬಿಟ್ಟು ಹಿತ್ತಲಿಗೆ ಓಡುತ್ತಿದ್ದಳು. ಅಲ್ಲಿ ಗೋಬರ್ ಗ್ಯಾಸಿನ ಗುಂಡಿ, ಅದರ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು, ಅದರಿಂದ ಅಡುಗೆಮನೆಯ ಒಲೆಗೊಂದು ಕೊಳವೆ. ಒಳಗೆ ಗ್ಯಾಸು ತುಂಬಿದರೆ ಡ್ರಮ್ಮು ಏಳಬೇಕು. ಅದು ಏಳುತ್ತಿರಲಿಲ್ಲ.

ಎತ್ತು ಮಾರಿದ ಮೇಲೆ ಸಗಣಿ ಸಾಲದಾಗಿತ್ತು. ದನ ತಿಂದು ಬಿಟ್ಟ ಜೋಳದ ಒಣದಂಟು, ಆ ಕಣಿಕೆಯನ್ನು ಕೊಚ್ಚಿ ಹಾಕಿದಳು. ಅದು ಕೊಳೆಯದೆ ಹಾಗೇ ತೇಲಿತು. ಗಂಡ ಜಗದೇವಪ್ಪ ಬೇಸತ್ತು, ಡ್ರಮ್ಮನ್ನು ವಾಡಿಯ ಗುಜರಿ ವ್ಯಾಪಾರಿ ಹಾಜಿಸಾಬರಿಗೆ ಕೊಡುವುದಾಗಿ ಮಾತಾಡಿ ಬಂದ. ಕಾರಹುಣ್ಣಿಮೆ ಮುಗಿದ ಕೂಡಲೇ ಗಾಡಿ ಬರುತ್ತದಂತೆ. ಡ್ರಮ್ಮು ಹೋದರೆ ಮತ್ತೆ ತೊಗರಿ ಕಟ್ಟಿಗೆಯ ಹೊಗೆ. ಆ ಹೊಗೆಯಲ್ಲಿ ಮರೆಮ್ಮನಿಗೆ ಉಸಿರೇ ಕಟ್ಟುತ್ತಿತ್ತು.

ಈದ ಎಮ್ಮೆಗೆ ಹತ್ತಿಕಾಳು ಬೇಯಿಸಿ, ಬಿಸಿ ಇರುವಾಗಲೇ ಇಡುವುದು ಅವರ ಮನೆಯ ರೂಢಿ. ಗುಂಡಿಗೂ ಹಾಗೇ ಮಾಡಿದರೆ? ಕಣಿಕೆಯನ್ನು ಮೆತ್ತಗಾಗುವಂತೆ ಕುದಿಸಿ, ಹಬೆಯಾಡುವ ಕೊಡಗಳನ್ನು ಒಂದರ ಹಿಂದೊಂದು ಸುರಿದಳು.

"ಗ್ಯಾಸ್ ಬರ್ಲಿ ಅಂತ ಕಟ್ಟಿಗಿ ಸುಡ್ಲಿಕತ್ತೀಯಲ್ಲ, ನಿನ್ನ ಶ್ಯಾಣೇತನಕ್ಕ ಏನನ್ಬೇಕು!" ಎಂದು ಜಗದೇವಪ್ಪ ನಕ್ಕ.

ಇದ್ದಷ್ಟು ಗ್ಯಾಸೂ ನಿಂತಿತು. ಡ್ರಮ್ಮು ತಳಕ್ಕಿಳಿದು ಕೂತಿತು.

ಪಕ್ಕದ ಮನೆಯಲ್ಲಿ ಮೊಸರು ಮಾರುವ ಇಮಾಮ್ಬೀ ಗೋಡೆಯಾಚೆಯಿಂದ ಕೇಳಿದಳು: "ಯಾಕವ್ವಾ, ಕಾಲಾಗ ಚಕ್ರ ಅವೇನು?"

ಮರೆಮ್ಮ ನಡೆದದ್ದೆಲ್ಲ ಹೇಳಿದಳು.

"ಅಯ್ಯ ಹುಚ್ಚಿ! ಕುದಿಯೋ ಹಾಲಿಗಿ ಹೆಪ್ಪು ಹಾಕಿದ್ರ ಮೊಸರಾಗ್ತದೇನು? ಹೆಪ್ಪೇ ಸಾಯ್ತದ. ಬೇಯಸು, ಬ್ಯಾಡನ್ನಲ್ಲ. ಆರಿಸಿ ಹಾಕು. ನಮ್ಮ ಎಮ್ಮಿ ಸಗಣಿ ಒಯ್ಯಿ, ಅದೇ ನಿನ್ನ ಹೆಪ್ಪು."

ಅಂದಿನಿಂದ ಸ್ನಾನದ ನೀರು ಕಾಸಿದ ಒಲೆಯ ಕೆಂಡದ ಮೇಲೆಯೇ ಕಣಿಕೆಯ ಗಡಿಗೆ ಕೂತಿತು. ಬೇರೆ ಕಟ್ಟಿಗೆ ಬೇಕಾಗಲಿಲ್ಲ. ಬೆಂದದ್ದನ್ನು ಸಂಜೆತನಕ ಆರಿಸಿ, ಇಮಾಮ್ಬೀ ಕೊಟ್ಟ ಸಗಣಿಯಲ್ಲಿ ಕಲಸಿ ಗುಂಡಿಗೆ ಬಿಡುತ್ತಿದ್ದಳು. ನಡುನಡುವೆ ಡ್ರಮ್ಮಿನ ಮೇಲೆ ಅಂಗೈ ಒತ್ತಿ ನೋಡುವಳು. ಅಲುಗದು. ಒಳಗೆ ಹೋಗುವಳು, ಮತ್ತೆ ಬರುವಳು.

ಹುಣ್ಣಿಮೆಯ ಮರುದಿನ ಹಾಜಿಸಾಬರ ಗಾಡಿ ಬಾಗಿಲಿಗೆ ನಿಂತಿತು.

"ಕುಂದ್ರಿ ಸಾಬರೆ, ಚಾ ಕುಡದು ಬಿಚ್ಚೀರಂತ" ಎಂದು ಮರೆಮ್ಮ ಗ್ಯಾಸಿನ ಒಲೆಯ ಕೀಲಿ ತಿರುವಿ ಕಡ್ಡಿ ಗೀರಿದಳು. ನೀಲಿ ಉರಿ ಭಗ್ಗೆಂದಿತು. ಹಾಜಿಸಾಬರು ಹಿತ್ತಲಿಗೆ ಹೋಗಿ ನೋಡಿದರು. ಡ್ರಮ್ಮು ಮೊಳದಷ್ಟು ಮೇಲೆದ್ದಿತ್ತು.

"ಜಗದೇವಪ್ಪಾ, ಉರಿಯೋ ಒಲಿ ಕಿತ್ತರ ನಿನ್ನ ಹೆಣ್ತಿ ನನ್ನ ಗಾಡೀನೂ ಗುಂಡ್ಯಾಗ ಹಾಕ್ತಾಳ ನೋಡು. ನಾ ಬರ್ತೀನಪ್ಪಾ."

ಜಗದೇವಪ್ಪ ಬಸಿಯಲ್ಲಿ ಚಹಾ ಸುರಿದುಕೊಂಡು ಗುಟುಕರಿಸಿದ. "ಸಕ್ಕರಿ ಕಡಿಮಿ ಆಗ್ಯಾದ" ಎಂದ.

ಹಿತ್ತಲಿನಲ್ಲಿ ಆಗಲೇ ನಾಳೆಯ ಕಣಿಕೆ ಕೊಚ್ಚುವ ಸದ್ದು.