ಟವೆಲ್ ಕೆಳಗಿನ ಕೈ

ಈ ಮದುವೆ ನನಗೆ ಎರಡು ಪವರ್‌ಲೂಮ್ ಮಗ್ಗ, ಅವ್ವನ ಬೆಳ್ಳಿ ಡಾಬು ಮತ್ತು ಅಕ್ಕಲಕೋಟೆಯ ಕುರಿ ಸಂತೆಯಲ್ಲಿ ನನ್ನ ಕೈಗಿದ್ದ ಬೆಲೆ, ಇಷ್ಟಕ್ಕೆ ಬಿತ್ತು. ಮಗ್ಗ ಮತ್ತೆ ಕೊಳ್ಳಬಹುದು. ಡಾಬನ್ನು ಅವ್ವ ವಾಪಸು ಕೇಳುವುದಿಲ್ಲ. ಮೂರನೆಯದನ್ನು ಯಾವ ಅಂಗಡಿಯಲ್ಲಿ ಚೌಕಾಸಿ ಮಾಡಿ ತರಲಿ? ಯಾಕೆ ಇಷ್ಟು ದುಬಾರಿ ಬಿತ್ತು ಎಂದರೆ, ನಾನು ಮೋಸ ಹೋಗುವ ಹೆಂಗಸಲ್ಲ ಎಂಬುದು ನನಗೆ ಪಕ್ಕಾ ಗೊತ್ತಿತ್ತು.

ನಮ್ಮದು ಚಪಳಗಾಂವ. ಕುರಿ ಸಾಕುವ ಮನೆ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಹಾಗಾಗಿ ಸಂತೆಗೆ ನನ್ನನ್ನೇ ಕರೆದೊಯ್ಯುತ್ತಿದ್ದ. ಅಲ್ಲಿ ನಮ್ಮವರು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಡುವವನೂ ಕೊಳ್ಳುವವನೂ ಕೈ ಕೈ ಹಿಡಿದು ಮೇಲೆ ಟವೆಲ್ ಹೊದಿಸುತ್ತಾರೆ. ಒಬ್ಬ ಇನ್ನೊಬ್ಬನ ಬೆರಳು ಒತ್ತುತ್ತಾನೆ, ಅವನು ಬೆರಳು ಬಿಡಿಸುತ್ತಾನೆ, ಮತ್ತೊಂದು ಹಿಡಿಯುತ್ತಾನೆ. ಒಂದೊಂದು ಬೆರಳಿಗೆ ಇಷ್ಟು ರೂಪಾಯಿ ಎಂದು ಲೆಕ್ಕ. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಟವೆಲ್ ತೆಗೆದರೆ ಸೌದಾ ಮುಗಿಯಿತು, ಕುರಿಯ ಹಗ್ಗ ಕೈ ಬದಲಾಯಿಸುತ್ತದೆ. ರೊಕ್ಕ ಮುಂದಿನ ಸಂತೆಗೆ. ಕಾಗದವಿಲ್ಲ, ಸಾಕ್ಷಿಯಿಲ್ಲ. ಟವೆಲ್ ಕೆಳಗೆ ಯಾರ ಕೈ ಇತ್ತೋ ಮಾತು ಅವರದು, ಅಷ್ಟೇ.

ಅಪ್ಪ ತೀರಿಕೊಂಡ ಮೇಲೆ ಆ ಸಂತೆಯಲ್ಲಿ ಕಲಿತದ್ದನ್ನು ಕಟ್ಟಿಕೊಂಡು ಸೊಲ್ಲಾಪುರಕ್ಕೆ ಬಂದೆ. ಮೊದಲು ನೇಯ್ಗೆಯಲ್ಲಿ ಸಣ್ಣ ದೋಷವಿದ್ದ ಸೆಕೆಂಡ್ಸ್ ಟವೆಲ್‌ಗಳ ಗಂಟು ಹೊತ್ತು ಅಕ್ಕಲಕೋಟೆಯ ಯಾತ್ರಿಕರಿಗೆ ಮಾರಿದೆ. ಆಮೇಲೆ ಸಣ್ಣ ಅಂಗಡಿ, ಆಮೇಲೆ ಬಾಡಿಗೆ ಶೆಡ್ಡಿನಲ್ಲಿ ನನ್ನವೇ ಎರಡು ಮಗ್ಗ. ಮೂವತ್ತನಾಲ್ಕಾದರೂ ಮದುವೆಯಾಗಿರಲಿಲ್ಲ. ಗಂಡಿನ ಕಡೆಯವರು ಬಂದಾಗಲೆಲ್ಲ ಕೊಡು ತೆಗೆದುಕೊಳ್ಳುವ ಮಾತಿಗೆ ನಾನೇ ಕೂರುತ್ತಿದ್ದೆ. ಚಹಾ ಮುಗಿಯುವುದರೊಳಗೆ ಅವರು ಎದ್ದು ಹೋಗುತ್ತಿದ್ದರು.

ಅವನು ಗಿರಾಕಿಯಾಗಿ ಬಂದ. ಕಟ್ಟಿಕೊಂಡವನನ್ನು ‘ಅವನು’ ಎನ್ನುವುದು ನಮ್ಮಲ್ಲಿ ಪದ್ಧತಿಯಲ್ಲ, ಆದರೆ ಈಗ ‘ಅವರು’ ಎಂದು ಬರೆಯಲು ಕೈ ಬರುತ್ತಿಲ್ಲ. ಅಕ್ಕಲಕೋಟೆಯ ಲಾಡ್ಜುಗಳಿಗೆ ಟವೆಲ್ ಪೂರೈಸುತ್ತೇನೆ ಎಂದ. ನಾನು ರೇಟು ಹೇಳಿದೆ. ಸ್ವಲ್ಪ ಎಳೆದಾಡಿದ, ಕೊನೆಗೆ ನಕ್ಕು ನನ್ನ ರೇಟಿಗೇ ಒಪ್ಪಿ ನಗದು ಕೊಟ್ಟ. ಎರಡನೇ ಸಲವೂ ಹಾಗೆಯೇ. ಮೂರನೇ ಸಲ ಚೌಕಾಸಿಯನ್ನೇ ಮಾಡಲಿಲ್ಲ.

“ನಿಮ್ಮ ಜೋಡಿ ಗೆಲ್ಲೂದು ಆಗೂದಿಲ್ಲ ಬಿಡ್ರಿ ಬಾಯಾರ. ನಾ ಸೋಲಾಕಂತನ ಬರತೀನಿ.”

ಅವನು ಹೋದ ಮೇಲೆ ಅವನ ಮುಂದಿನ ಸಲಕ್ಕೆಂದು ಟವೆಲ್ ಮಡಚುತ್ತ ಎಷ್ಟೋ ಹೊತ್ತು ಒಬ್ಬಳೇ ನಕ್ಕಿದ್ದೇನೆ. ಆ ಟವೆಲ್‌ಗಳು ಯಾವ ಲಾಡ್ಜಿಗೂ ಹೋಗಿರಲಿಲ್ಲ. ಮಂಗಳವೇಢೆಯ ಬಜಾರಿನಲ್ಲಿ ನನಗೆ ಕೊಟ್ಟದ್ದಕ್ಕಿಂತ ಕಡಿಮೆಗೆ ಮಾರಿ ಕೈ ತೊಳೆದುಕೊಳ್ಳುತ್ತಿದ್ದ ಎಂದು ಗೊತ್ತಾಗುವಾಗ ತಡವಾಗಿತ್ತು.

ಬೆರಳಿನ ಲೆಕ್ಕ ಕಲಿಸಿರಿ ಎಂದು ಕೇಳಿದವನೂ ಅವನೇ. ಮಧ್ಯಾಹ್ನ ಗಿರಾಕಿಯಿಲ್ಲದ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟು ಹೊಸ ಟವೆಲ್ ಹೊದಿಸುತ್ತಿದ್ದೆವು. ನಾಲ್ಕು ದಿನದಲ್ಲಿ ಕಲಿಯುವುದನ್ನು ಅವನು ಎರಡು ತಿಂಗಳು ಕಲಿತ. ತಪ್ಪು ಬೆರಳು ಹಿಡಿಯುತ್ತಿದ್ದ, ನಾನು ಸರಿಯಾದ ಬೆರಳನ್ನು ಅವನ ಕೈಗೆ ಕೊಡುತ್ತಿದ್ದೆ. ನೂಲಿನ ಎಳೆಯನ್ನೂ ಪುಕ್ಕಟೆ ಕೊಡದ ನಾನು! ನಮ್ಮ ಮನೆಯ ಕಥೆ, ಗೋತ್ರದಂಥ ನಮ್ಮ ಬೆಡಗು, ನಮ್ಮ ಕುಲದೇವರು ಬೀರೋಬನ ಗುಡಿಯಲ್ಲಿ ಅರಿಶಿನದ ಭಂಡಾರ ಎರಚುವ ರೀತಿ, ದೊಡ್ಡಪ್ಪ ಯಾವ ಟಗರಿಗೆ ಯಾವ ಹೆಸರಿಟ್ಟಿದ್ದಾನೆ ಎಂಬುದು, ಎಲ್ಲ ಆ ಟವೆಲ್ ಹೊದ್ದ ಕೈಗಳ ಮುಂದೆ ಕೂತು ಹೇಳಿದ್ದು.

ಮದುವೆಯ ಮಾತು ಬಂದಾಗ ಅವನನ್ನು ನೋಡಲು ಅವ್ವ ಊರಿಂದ ಬಂದಳು. ಅವನು ನನ್ನೆದುರು ಸೋತ ಕಥೆಯನ್ನು ಅವಳಿಗೆ ಹಿಗ್ಗಿನಿಂದ ಹೇಳಿದ್ದೆ. ನಿಮ್ಮ ದೇವರು ಯಾರು, ಬೆಡಗು ಯಾವುದು ಎಂದು ಕೇಳಿದಳು. ಅವನು ಒಂದೂ ತಪ್ಪದೆ ಹೇಳಿದ. ನಾನು ಕೊಟ್ಟ ಮಾಲನ್ನು ನನ್ನ ಕಣ್ಣೆದುರೇ ನನ್ನ ಅವ್ವನಿಗೆ ಮಾರುತ್ತಿದ್ದಾನೆ ಎಂದು ನನಗೆ ಹೊಳೆಯಲಿಲ್ಲ. ಎಷ್ಟು ಚೆನ್ನಾಗಿ ಹೊಂದುತ್ತಿದೆಯಲ್ಲ ಎಂದು ಹಿಗ್ಗುತ್ತಿದ್ದೆ. ಅವನು ಹೋದ ಮೇಲೆ ಅವ್ವ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಕೇಳಿದಳು: “ಮೂರು ಸಲ ಸೋತಾಂವ ನಾಕನೇ ಸಲ ಯಾಕ ಬಂದ?”

“ಮಂದಿ ಎಲ್ಲಾ ನಿನ್ನಂಗ ಸಂಶೇದಾಗ ಹುಟ್ಟಿರತಾರೇನವ್ವಾ?” ಎಂದೆ.

ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಬೀರೋಬನ ಗುಡಿಯ ಮುಂದೆ ಮದುವೆಯಾಯಿತು. ಅವನ ಕಡೆಯಿಂದ ಚಿಕ್ಕಪ್ಪ ಚಿಕ್ಕಮ್ಮ ಎಂದು ಒಬ್ಬ ಕಾಕಾ, ಒಬ್ಬಳು ಕಾಕು ಬಂದಿದ್ದರು. ಕಾಕು ಹೊಟ್ಟೆ ತುಂಬ ಉಂಡು ನನ್ನ ಗಲ್ಲ ಹಿಡಿದು ಹರಸಿದಳು.

ಏಳು ತಿಂಗಳು ಸಂಸಾರ ಮಾಡಿದೆವು. ಸುಳ್ಳು ಹೇಳಲಾರೆ, ಆ ಏಳು ತಿಂಗಳಿನಲ್ಲಿ ಬೆಳಗಿನ ಚಹಾ ಅವನೇ ಮಾಡಿದ. ಮಗ್ಗದ ಸದ್ದಿಗೆ ನನ್ನ ಕಿವಿ ಮಂದವಾಗಿದೆ ಎಂದು ಗೊತ್ತಿದ್ದವನು ಅವನೊಬ್ಬನೇ. ಮಾತಾಡುವಾಗ ತಾನಾಗಿಯೇ ನನ್ನ ಬಲಗಡೆಗೆ ಬಂದು ಕೂರುತ್ತಿದ್ದ.

ಬಕ್ರೀದ್ ಹತ್ತಿರ ಬಂತು. ಸೊಲ್ಲಾಪುರದ ದೊಡ್ಡ ವ್ಯಾಪಾರಿಯೊಬ್ಬರಿಗೆ ಟಗರು ಬೇಕಾಗಿವೆ, ಒಳ್ಳೆ ಬೆಲೆ ಕೊಡುತ್ತಾರೆ, ನಿನ್ನ ಊರವರಿಗೂ ಲಾಭವಾಗಲಿ ಎಂದ. ಸಂತೆಯ ದಿನ ಅಕ್ಕಲಕೋಟೆಗೆ ಹೋದೆವು. ಒಂಬತ್ತು ಮನೆಯವರು ಟಗರು ಹೊಡೆದುಕೊಂಡು ಬಂದಿದ್ದರು. ಅವನು ಒಂದು ಹೆಜ್ಜೆ ಹಿಂದೆ ನಿಂತ.

“ನಾ ಹೊಸಬ. ಅವರಿಗೆ ನಿನ್ನ ಕೈ ಗೊತ್ತು. ನೀನ ಹಿಡಿ.”

ನಾನು ಹಿಡಿದೆ. ನನ್ನದೇ ಮಗ್ಗದ ಟವೆಲ್ ಹೊದಿಸಿ ಒಬ್ಬೊಬ್ಬರ ಕೈಯನ್ನೂ ಹಿಡಿದೆ. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಕೊನೆಗೆ ಬಂದ. ಅವನ ಬೆರಳು ಗಂಟುಗಂಟಾಗಿವೆ, ಒತ್ತಿದರೆ ನೋಯುತ್ತವೆ. ಆದರೂ ನಾನು ಚೌಕಾಸಿ ಬಿಡಲಿಲ್ಲ, ಅವನು ಬೆಲೆ ಇಳಿಸಿ ಒಂದು ಬೆರಳು ಮಡಿಸುವ ತನಕ ಜಗ್ಗಿದೆ. ಅವನು ನನ್ನ ಮುಖ ನೋಡಿದ, ಬೆರಳು ಮಡಿಸಿದ, ಟವೆಲ್ ತೆಗೆದು ಹಗ್ಗ ಕೊಟ್ಟ. ಗಂಡನ ಕಣ್ಣ ಮುಂದೆ ಸೌದಾ ಗೆದ್ದೆ ಎಂದು ನನಗೆ ಹೆಮ್ಮೆ.

ಟಗರುಗಳನ್ನು ಟ್ರಕ್ಕಿಗೆ ಹೇರಿದರು. ಅವನು ಡ್ರೈವರ್ ಪಕ್ಕ ಕೂತ. ನೀನು ಬಸ್ಸಿಗೆ ಹೋಗು, ಸಂಜೆಗೆ ಬರುತ್ತೇನೆ ಎಂದ. ನನ್ನ ಹೆಗಲ ಮೇಲಿದ್ದ ಟವೆಲ್ ತೆಗೆದುಕೊಂಡು ಕುತ್ತಿಗೆ ಒರೆಸಿಕೊಂಡ. ಅದನ್ನೂ ವಾಪಸು ಕೊಡಲಿಲ್ಲ.

ಮೂರು ದಿನ ಅಪಘಾತವಾಗಿದೆ ಎಂದೇ ನಂಬಿ ಆಸ್ಪತ್ರೆಗಳನ್ನು ಸುತ್ತಿದೆ. ನಾಲ್ಕನೇ ದಿನ ಎಸ್‌ಟಿ ಬಸ್ಸು ಹಿಡಿದು ಮಂಗಳವೇಢೆಯ ಆಚೆ ಅವನು ಹೇಳಿದ್ದ ಊರಿಗೆ ಹೋದೆ. ಹಿಟ್ಟಿನ ಗಿರಣಿಯಲ್ಲಿ ಫೋಟೋ ತೋರಿಸಿದೆ. ಅಂಥವನು ಆ ಊರಲ್ಲಿ ಹುಟ್ಟಿರಲೇ ಇಲ್ಲ. ಠಾಣೆಯಲ್ಲಿ ಸಾಹೇಬರು ಕೂರಿಸಿ ಮರಾಠಿಯಲ್ಲಿ ಮರ್ಯಾದೆಯಿಂದಲೇ ಕೇಳಿದರು. ಟಗರು ಕೊಂಡವರು ಯಾರು? ನಾನು. ಬೆಲೆ ಒಪ್ಪಿದವರು? ನಾನು. ಅವನು ಏನಾದರೂ ಬರೆದುಕೊಟ್ಟಿದ್ದಾನೆಯೇ? ಇಲ್ಲ. ಅವರು ಪೆನ್ನು ಕೆಳಗಿಟ್ಟರು. ಬಸ್ ಸ್ಟ್ಯಾಂಡಿನಲ್ಲಿ ಒಂದು ದಿನ ಆ ಕಾಕು ಸಿಕ್ಕಳು, ಬೀಡಿ ಸುತ್ತುವ ಹೆಂಗಸು. ಓಡಿ ಹೋಗಲಿಲ್ಲ, ಪಾಪ. ನನಗೆ ಯಾರೂ ಇಲ್ಲ, ಒಂದು ದಿನ ಕಾಕು ಆಗಿರಿ ಎಂದು ಕೇಳಿಕೊಂಡಿದ್ದನಂತೆ, ಸೀರೆ ಕೊಟ್ಟಿದ್ದನಂತೆ. ನನ್ನ ಕೈ ಹಿಡಿದು ಅವಳೇ ಅತ್ತಳು.

ಮುಂದಿನ ಸಂತೆಯೊಳಗೆ ಮಗ್ಗಗಳನ್ನು ಮಾರಿದೆ. ಕಡಿಮೆ ಬಿದ್ದದ್ದಕ್ಕೆ ಅವ್ವ ಡಾಬು ಬಿಚ್ಚಿ ಕೊಟ್ಟಳು. ಒಂಬತ್ತೂ ಮನೆಗೆ ರೊಕ್ಕ ಮುಟ್ಟಿಸಿದೆ. ದೊಡ್ಡಪ್ಪನಿಗೆ ಆ ಮಡಿಸಿದ ಬೆರಳಿನದನ್ನೂ ಸೇರಿಸಿ ಕೊಟ್ಟೆ. ಅವನು ಅದನ್ನು ಬೇರೆ ತೆಗೆದು ನನ್ನ ಮುಂದಿಟ್ಟ. “ಆದ ಸೌದಾ ಆತವ್ವಾ” ಎಂದ. ಯಾರೂ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಲು ನನಗೆ ಬರುತ್ತಿತ್ತು.

ಕೆಲವು ತಿಂಗಳಾದ ಮೇಲೆ ಬೀರೋಬನ ಹರಕೆಗೆ ಒಂದು ಕುರಿ ಬೇಕಾಗಿ ಸಂತೆಗೆ ಹೋದೆ. ದೊಡ್ಡಪ್ಪನ ಮುಂದೆ ಟವೆಲ್ ಹರವಿ ಕೈ ಚಾಚಿದೆ. ಅವನ ಕೈ ಮೊಣಕಾಲ ಮೇಲೇ ಇತ್ತು. ಎಲ್ಲರಿಗೂ ಕೇಳುವ ಹಾಗೆ ಬಾಯಿಂದ ಬೆಲೆ ಹೇಳಿದ. ನಮ್ಮ ಸಂತೆಯಲ್ಲಿ ಬಾಯಿಂದ ಬೆಲೆ ಹೇಳುವುದು ಪರವೂರಿನ ಗಿರಾಕಿಗೆ. ನಾನು ಎರಡನೇ ಮಾತಾಡದೆ ಅಷ್ಟೂ ಕೊಟ್ಟೆ. ಹುಟ್ಟಿದಾಗಿನಿಂದ ಚೌಕಾಸಿ ಮಾಡದೆ ಕೊಂಡದ್ದು ಅದೊಂದೇ.

ಆಮೇಲೆ ಒಮ್ಮೆ ಫೋನ್ ಬಂತು, ಗೊತ್ತಿಲ್ಲದ ನಂಬರು. ಇಷ್ಟು ದಿನ ಕೂಡಿಟ್ಟ ಬೈಗಳೆಲ್ಲ ನಾಲಿಗೆ ತುದಿಯಲ್ಲಿದ್ದವು.

“ಹೆಂಗದಿ?” ಎಂದ. ಅವನೇ.

“ಉಂಡ್ರೇನ್ರಿ?” ಎಂದೆ. ಆ ‘ರಿ’ ಕೂಡ ತಾನಾಗಿಯೇ ಬಂತು.

ಉಂಡೆ ಎಂದು ಇಟ್ಟುಬಿಟ್ಟ.

ಈಗ ನಿಮಗೆ ಹೇಳುತ್ತೇನೆ, ಇದನ್ನಾದರೂ ಪುಕ್ಕಟೆ ತೆಗೆದುಕೊಳ್ಳಿ. ಮದುವೆಯಾಗುವವನ ಜೊತೆ ಮೊದಲು ಒಂದು ಸಣ್ಣ ವ್ಯವಹಾರ ಮಾಡಿ ನೋಡಿ, ಬದನೆಕಾಯಿಯದಾದರೂ ಸರಿ. ಒಂದು ರೂಪಾಯಿಗೆ ಜಗಳವಾಡಿದರೆ ಹೆದರಬೇಡಿ, ಪ್ರತಿ ಸಲ ಸೋತು ನಗುವವನಿಗೆ ಹೆದರಿ. ನಿಮ್ಮ ದೇವರು, ಬೆಡಗು ನೀವಾಗಿ ಹೇಳಬೇಡಿ, ಅವನೇ ಮೊದಲು ಹೇಳಲಿ. ಅವನ ಊರಿಗೆ ಹೇಳದೆ ಕೇಳದೆ ಎಸ್‌ಟಿಯಲ್ಲಿ ಹೋಗಿ ಗಿರಣಿಯಲ್ಲಿ ವಿಚಾರಿಸಿ, ಆದರೆ ಮದುವೆಗೆ ಮೊದಲು. ರೊಟ್ಟಿ ಬಡಿಯುತ್ತ ಅವ್ವ ಏನಾದರೂ ಕೇಳಿದರೆ ಜಾಣತನದ ಉತ್ತರ ಕೊಡದೆ ಒಂದು ವಾರ ಸುಮ್ಮನಿರಿ. ಇಷ್ಟಾದ ಮೇಲೂ ಮನಸ್ಸು ಅವನ ಕಡೆಗೇ ಹೋದರೆ ಹೋಗಲಿ, ತಡೆಯುವುದು ಹೇಗೆಂದು ನನಗೂ ಗೊತ್ತಿಲ್ಲ. ಆದರೆ ನಿಮ್ಮವರ ಮಾಲಿಗೆ ಅವನ ಕೈಯನ್ನೇ ಹಿಡಿಸಿ, ನಿಮ್ಮ ಕೈ ಸೆರಗಿನೊಳಗೆ ಇಟ್ಟುಕೊಳ್ಳಿ. ಇನ್ನೊಂದು, ಅವನಿಗೆ ಗೊತ್ತಿರುವ ನಂಬರಿನ ಸಿಮ್ ತೆಗೆದು ಬಿಸಾಡಿ. ನಾನು ಮೊನ್ನೆಯೂ ಅದಕ್ಕೆ ರೀಚಾರ್ಜ್ ಮಾಡಿಸಿದೆ. ನೀವು ಮಾಡಿಸಬೇಡಿ.