ಮೂವತ್ತೊಂದು ಮನೆಗೆ ಹೋಗಿ ಹೇಳಿದ ಮುದ್ದಮ್ಮ

ಬನ್ನಿಮಂಟಪದ ನನ್ನ ರೇಷ್ಮೆ ಸೀರೆ ಅಂಗಡಿ ನಡೆಯುತ್ತಿರುವುದು ಅರ್ಧ ದೇವರ ದಯೆಯಿಂದ, ಇನ್ನರ್ಧ ಮುದ್ದಮ್ಮನವರ ಬಾಯಿಂದ. ಅಂಗನವಾಡಿ ಸಹಾಯಕಿಯಾಗಿ ನಿವೃತ್ತರಾದ ಮೇಲೆ ಅವರು ಗಂಡು ಹೆಣ್ಣು ಜೋಡಿಸುವ ಕೆಲಸ ಹಿಡಿದರು; ಮದುವೆ ಕುದುರಿದವರನ್ನು ಸೀರೆಗೆ ನನ್ನಲ್ಲಿಗೇ ಕಳುಹಿಸುತ್ತಾರೆ. ಅವರು ತೋರಿಸುವ ಹುಡುಗಿಯರಲ್ಲಿ ಬಹಳ ಮಂದಿ ಒಂದು ಕಾಲಕ್ಕೆ ಅವರ ಕೈಯಿಂದಲೇ ಉಪ್ಪಿಟ್ಟು ತಿಂದವರು. ಯಾರಿಗೆ ಹಠ, ಯಾರಿಗೆ ನಿದ್ದೆ ಹೆಚ್ಚು, ಎಲ್ಲ ಗೊತ್ತು. ಗಂಡಿನ ಕಡೆಯವರಿಗೆ ಮಾತ್ರ ಹೇಳುವುದಿಲ್ಲ.

ಫೋಟೊ ವಿಷಯದಲ್ಲಿ ಮುದ್ದಮ್ಮ ಭಾರಿ ಬಿಗಿ. ಯಾರಿಗೂ ಕಳುಹಿಸುವುದಿಲ್ಲ. ಫೋನನ್ನು ತಾವೇ ಹಿಡಿದು ತೋರಿಸುತ್ತಾರೆ. ನೋಡುವವರು ಕೈ ಚಾಚಿದರೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಈ ನಂಬಿಕೆಯ ಮೇಲೆ ಮೂವತ್ತೊಂದು ಮನೆಯವರು ಹೆಣ್ಣುಮಕ್ಕಳ ಫೋಟೊ, ವಿಳಾಸ, ಫೋನ್ ನಂಬರ್ ಕೊಟ್ಟಿದ್ದರು. ಫೋನಿನಲ್ಲಿ ಜಾಗ ಸಾಲದೆ ಸೊಸೆ ನಯನಾ ಅವನ್ನೆಲ್ಲ ಅತ್ತೆಯ ಇಮೇಲ್ ಖಾತೆಯಲ್ಲಿ ಇಟ್ಟುಕೊಟ್ಟಿದ್ದಳು.

ಕಳೆದ ತಿಂಗಳು ಒಂದು ಕಲ್ಯಾಣ ಮಂಟಪದಲ್ಲಿ ಊಟದ ಪಂಕ್ತಿಗೆ ಕಾಯುವಾಗ ಮಗನಿಗೆ ಹೆಣ್ಣು ಹುಡುಕುತ್ತಿದ್ದ ತಾಯಿಯೊಬ್ಬರು ಸಿಕ್ಕಿದರು. ಫೋಟೊ ತೋರಿಸೋಣವೆಂದರೆ ಡೇಟಾ ಖಾಲಿ. ಬೆಳಿಗ್ಗೆಯೆಲ್ಲ ಧಾರಾವಾಹಿ ನೋಡಿದ್ದರ ಫಲ. ಅಷ್ಟರಲ್ಲಿ ಮಂಟಪದ ಹೆಸರಿನ ಉಚಿತ ವೈಫೈ ಕಾಣಿಸಿತು. ಒತ್ತಿದರೆ ಒಂದು ಪುಟ ತೆರೆದು ಇಮೇಲ್ ವಿಳಾಸ, ಅದರ ಪಾಸ್‌ವರ್ಡ್ ಕೇಳಿತು. ಮದುವೆ ಮನೆಯಲ್ಲಿ ಯಾರಾದರೂ ವಿಚಾರಿಸಿದರೆ ಹೇಳದೆ ಇರುತ್ತಾರೆಯೇ? ಕೊಟ್ಟೇಬಿಟ್ಟರು.

ಬೇರೆ ಯಾರೋ ಖಾತೆ ತೆರೆದಿದ್ದಾರೆಂದು ಸಂಜೆಯೊಳಗೆ ಎಚ್ಚರಿಕೆ ಬಂತು. ನಯನಾ ಪಾಸ್‌ವರ್ಡ್ ಬದಲಾಯಿಸಿ ಮಂಟಪಕ್ಕೆ ಫೋನ್ ಮಾಡಿದಳು.

“ನಮ್ಮಲ್ಲಿ ಫ್ಯಾನೇ ನೆಟ್ಟಗೆ ತಿರುಗಲ್ಲ, ವೈಫೈ ಎಲ್ಲಿಂದ ಬರ್ಬೇಕು ಕಣಮ್ಮ?” ಎಂದ ಅಲ್ಲಿಯ ಮ್ಯಾನೇಜರ್.

ಯಾರೋ ಮಂಟಪದ ಹೆಸರಿಟ್ಟು ಬಲೆ ಹಾಸಿಕೊಂಡು ಕೂತಿದ್ದರು. ಫೋಟೊಗಳನ್ನು ಕದ್ದರೋ ಬಿಟ್ಟರೋ ತಿಳಿಯುವ ದಾರಿಯಿರಲಿಲ್ಲ.

ಮರುದಿನ ಮುದ್ದಮ್ಮ ಅಂಗಡಿಗೆ ಬಂದು ಇದೆಲ್ಲ ಹೇಳಿದಾಗ ನನಗೆ ತೋಚಿದ ಬುದ್ಧಿವಾದ ಹೇಳಿದೆ. “ಸುಮ್ನಿದ್ಬುಡಿ. ನೀವಾಗಿ ಹೇಳ್ದೆ ಯಾರ್ಗೂ ಗೊತ್ತಾಗಲ್ಲ. ಹೇಳಿದ್ರೆ ಇನ್ಮೇಲೆ ಒಬ್ರೂ ಫೋಟೊ ಕೊಡಲ್ಲ.”

“ಬಣ್ಣ ಬಿಡೋ ಸೀರೆ ಮಾರಿ ನೀವು ಸುಮ್ನಿರ್ತೀರಲ್ಲ, ಅಂಗಾ ಸಾವ್ಕಾರ್ರೆ? ನಾಳೆ ಯಾವನಾದ್ರೂ ಆ ಫೋಟೊ ಇಟ್ಕೊಂಡು ಹೆದರಿಸಿದ್ರೆ, ಆ ಮಕ್ಳು ಒಬ್ಬೊಬ್ರೇ ಅಳ್ತಾ ಕೂತ್ಕೊತಾರೆ. ಮೊದ್ಲೇ ಗೊತ್ತಿದ್ರೆ ಮನೇಲಿ ಬಾಯಿ ಬಿಡ್ತಾರೆ.”

ನನ್ನ ಸೀರೆ ಬಣ್ಣ ಬಿಡುವುದಿಲ್ಲ, ಸ್ವಲ್ಪ ತಿಳಿಯಾಗುತ್ತದೆ ಅಷ್ಟೇ.

ಮುದ್ದಮ್ಮ ಮೂರು ದಿನ ಮನೆಮನೆ ಸುತ್ತಿದರು. ರಾಜೀವನಗರದ ಪಾರ್ವತಮ್ಮ, “ನಮ್ಮವಳೇ ದಿನಕ್ಕೆ ನಾಲ್ಕು ಫೋಟೊ ಊರಿಗೆಲ್ಲ ತೋರಿಸ್ತಾಳೆ, ಕಳ್ಳನಿಗೆ ಹೊಸದೇನು ಸಿಗುತ್ತೆ?” ಎಂದು ಕಾಫಿ ಕೊಟ್ಟರು. ಎಂಟು ಮನೆಯವರು ಇನ್ನು ನಿಮ್ಮ ಸಹವಾಸ ಬೇಡ ಎಂದರು. ಚಾಮರಾಜಪುರದ ದೇವಯ್ಯನವರಂತೂ ಬೀದಿಗೆ ಕೇಳುವಂತೆ ಬೈದು ಕಳುಹಿಸಿದರು. ಮುದ್ದಮ್ಮ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತು, ನೀರು ಕೇಳಿ ಕುಡಿದು, ಮುಂದಿನ ಮನೆಗೆ ಎದ್ದು ಹೋದರು.

ಹದಿನೈದು ದಿನ ಕಳೆದಿರಬೇಕು. ಮುದ್ದಮ್ಮ ನನ್ನ ಅಂಗಡಿಯಲ್ಲಿದ್ದಾಗಲೇ ಅದೇ ದೇವಯ್ಯ ಮಗಳು ಧರಣಿಯ ಜೊತೆ ಹುಡುಕಿಕೊಂಡು ಬಂದರು.

“ಯಾವನೋ ಇವಳ ಫೋಟೊ ಕಳ್ಸಿ, ದುಡ್ಡು ಕೊಡ್ದಿದ್ರೆ ಕೆಟ್ಟದಾಗಿ ತಿದ್ದಿ ಹರಡ್ತೀನಿ ಅಂದವ್ನೆ. ಇವಳು ಒಂದು ನಿಮಿಷ ತಡ ಮಾಡ್ದೆ ನನ್ನ ಕೈಗೆ ಫೋನ್ ಕೊಟ್ಲು. ಅವತ್ತು ಹೋಗ್ವಾಗ ನೀವು ಇವಳಿಗೆ ಹೇಳಿದ್ರಂತೆ, ಅಪ್ಪನ ಹತ್ರ ಮುಚ್ಚಿಡ್ಬೇಡ ಅಂತ.” ದೇವಯ್ಯನವರ ದನಿ ಅಂದಿನಷ್ಟು ದೊಡ್ಡದಿರಲಿಲ್ಲ. “ನಮ್ಮ ಹುಡುಗಿಗೆ ಗಂಡು ನೀವೇ ನೋಡ್ಬೇಕು ಕಣ್ರೀ.”

ಮುದ್ದಮ್ಮ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.

“ಮೊದ್ಲು ಪೊಲೀಸ್ ಸ್ಟೇಷನ್‌ಗೆ ನಡೀರಿ, ಆ ಮೆಸೇಜು ಅಳಿಸ್ಬೇಡಿ. ಗಂಡು ಎಲ್ಲೂ ಓಡೋಗಲ್ಲ.”