ಕಾಣೆಯಾದ ಎಂಟು ಕುದುರೆಗಳ ಲೆಕ್ಕ

ಬೆಳಗಿನ ಆರು ಗಂಟೆ. ಗ್ಯಾರೇಜಿನ ಹಿಂಬದಿಯ ಕೋಣೆಯಲ್ಲಿ ನೀಲಿ ಕಾರೊಂದು ಉಕ್ಕಿನ ರೋಲರ್‌ಗಳ ಮೇಲೆ ಚಕ್ರವೂರಿ ನಿಂತಿದೆ. ಅಲುಗದಂತೆ ನಾಲ್ಕು ಕಡೆ ಪಟ್ಟಿ ಬಿಗಿದಿದೆ. ಗಾಳಿ ತಂಪಾಗಿರುವಾಗಲೇ ಅಳತೆ ಮುಗಿಯಬೇಕೆಂಬುದು ಇಲ್ಲಿ ಗಾಡಿಗಳ ಶಕ್ತಿ ಅಳೆಯುವ ಗ್ರಾಫಕ್ಕನ ಪದ್ಧತಿ. ಅವರು ಕಿವಿಗೆ ಹತ್ತಿ ತುರುಕಿಕೊಂಡು ಆಕ್ಸಿಲರೇಟರನ್ನು ತಳ ಮುಟ್ಟಿಸುತ್ತಾರೆ. ಕಾರು ನಿಂತಲ್ಲೇ ಓಡುತ್ತದೆ, ಗೋಡೆಯ ತಗಡು ನಡುಗುತ್ತದೆ. ಪರದೆಯ ಮೇಲೆ ಗೆರೆಯೊಂದು ಏರಿ, ಬಾಗಿ, ನಿಲ್ಲುತ್ತದೆ: ನೂರ ನಲವತ್ತು ಅಶ್ವಶಕ್ತಿ. ನಿನ್ನೆ ಬಂದದ್ದೂ ಅಷ್ಟೇ.

ಬಾಗಿಲ ಬಳಿ ಎಂಜಿನ್ ಮೇಸ್ತ್ರಿ ನಿಂತಿದ್ದಾರೆ. ಈ ಎಂಜಿನ್ನನ್ನು ಬಿಚ್ಚಿ ಹೊಸದಾಗಿ ಜೋಡಿಸಿದವರು ಅವರೇ. ಬಿಚ್ಚುವ ಮುನ್ನ, ಆರು ತಿಂಗಳ ಹಿಂದೆ, ಇದೇ ಕಾರು ಇದೇ ರೋಲರ್ ಮೇಲೆ ನೂರ ನಲವತ್ತೆಂಟು ತೋರಿಸಿತ್ತು.

“ಎಂಟು ಕುದುರೆ ಎಲ್ಲಿ ಮೇಯೋಕೆ ಹೋದ್ವು ಮೇಸ್ತ್ರಿ?” ಎನ್ನುವ ಗ್ಯಾರೇಜಿನ ಯಜಮಾನರ ಮುಖದಲ್ಲಿ ನಗುವಿಲ್ಲ. “ಮಧ್ಯಾಹ್ನ ಕಾರಿನವರು ಬರ್ತಾರೆ. ಅಷ್ಟರಲ್ಲಿ ಕಾರಣ ಸಿಗದಿದ್ರೆ ನೀವು ಬೇರೆ ಕಡೆ ಕೆಲಸ ನೋಡ್ಕೊಳ್ಳಿ.”

“ಸ್ಪ್ಯಾನರ್ ಪೆಟ್ಟಿಗೆ ಆಗ್ಲೇ ಕಟ್ಟಿದೀನಿ,” ಎನ್ನುತ್ತಾರೆ ಮೇಸ್ತ್ರಿ.

ಚಕ್ರಕ್ಕೆ ತಲುಪುವ ಶಕ್ತಿಯನ್ನು ಅಳೆಯುವ ಈ ಡೈನೋ ಯಂತ್ರದೊಂದಿಗೆ ಗ್ರಾಫಕ್ಕ ಹತ್ತೊಂಬತ್ತು ವರ್ಷಗಳಿಂದ ಏಗುತ್ತಿದ್ದಾರೆ. ದಿನಕ್ಕೆ ಐದು ಗಾಡಿ, ಗಾಡಿಗೆ ಮೂರು ಓಟ. “ಜಾಸ್ತಿ ಬಂದ್ರೆ ಗಾಡಿ ಚೆನ್ನಾಗಿದೆ ಅಂತಾರೆ. ಕಡಿಮೆ ಬಂದ್ರೆ ನಿನ್ನ ಮಿಷನ್ ಸರಿಯಿಲ್ಲ ಅಂತಾರೆ.” ಎಡಗಿವಿ ಅರ್ಧ ಮಂದವಾಗಿದೆ. “ಅಮ್ಮಾ, ಪಕ್ಕದ ಮನೆಯವರಿಗೂ ಸೇರಿಸಿ ಮಾತಾಡ್ಬೇಡ,” ಎಂದು ಮಗಳು ರೇಗಿಸುತ್ತಾಳೆ.

ಶಕ್ತಿ ಕಡಿಮೆ ಕಂಡ ಮಾತ್ರಕ್ಕೆ ಎಂಜಿನ್ನಿಗೆ ಕೈ ಹಾಕಬಾರದೆಂಬುದು ಅವರ ಮೊದಲ ನಿಯಮ. ಟಯರಿನ ಗಾಳಿ ಸರಿಯಿದೆ. ಪಟ್ಟಿ ಅತಿಯಾಗಿ ಬಿಗಿದಿಲ್ಲ. ಚಕ್ರ ಜಾರುತ್ತಿಲ್ಲ. ಮೊಣಕಾಲು ಹಿಡಿದು ಬಗ್ಗಿ, ಪೆಡಲಿನ ಕೆಳಗೆ ಕಾಲೊರಸು ಸಿಕ್ಕಿದೆಯೇ ಎಂದೂ ನೋಡುತ್ತಾರೆ, ಇಲ್ಲ. ಕೊನೆಗೆ ಹಳೆಯ ಗ್ರಾಫಿನ ಹಾಳೆಯನ್ನು ಹೊಸದರ ಮೇಲಿಟ್ಟು ಬೆಳಕಿಗೆ ಹಿಡಿಯುತ್ತಾರೆ. ಎರಡು ಗೆರೆಗಳ ಆಕಾರ ಒಂದೇ. ಹಳೆಯದು ಉದ್ದಕ್ಕೂ ಒಂದೇ ಪ್ರಮಾಣದಲ್ಲಿ ಮೇಲಿದೆ. ಕಣ್ಣು ಹಳೆಯ ಹಾಳೆಯ ಬುಡಕ್ಕಿಳಿಯುತ್ತದೆ. ಕೋಣೆಯ ಗಾಳಿ, ಐವತ್ತೆಂಟು ಡಿಗ್ರಿ.

“ಆವತ್ತು ನಾನು ಸ್ವೆಟರ್ ಹಾಕ್ಕೊಂಡು ಬಂದಿದ್ದೆ,” ಎನ್ನುತ್ತಾರೆ ಮೆಲ್ಲಗೆ.

ಬಿಸಿಗಾಳಿಯಲ್ಲಿ ಎಂಜಿನ್ ಸೊರಗುತ್ತದೆ. ಆ ನಷ್ಟವನ್ನು ಕಂಪ್ಯೂಟರ್ ಲೆಕ್ಕದಲ್ಲಿ ತುಂಬಿಕೊಡುತ್ತದೆ. ಅಂದು ಉಷ್ಣತೆ ಅಳೆಯುವ ಕಡ್ಡಿಯನ್ನು ಅವರು ರೇಡಿಯೇಟರಿನ ಬಿಸಿಗಾಳಿ ಬಡಿಯುವಲ್ಲಿ ನೇತುಹಾಕಿದ್ದರು. “ಅದು ಪಾಪ, ಸೆಖೆ ಅಂತ ತಿಳ್ಕೊಂಡು ಗ್ರೇಸ್ ಮಾರ್ಕ್ಸ್ ಕೊಟ್ಬಿಟ್ಟಿದೆ.” ಬಾಗಿಲ ಬಳಿಯ ಥರ್ಮಾಮೀಟರ್ ನೋಡಿ ಅಂದು ಪುಸ್ತಕದಲ್ಲಿ ಬರೆದಿಟ್ಟದ್ದು ಹದಿನೆಂಟು ಡಿಗ್ರಿ. ಅದರಂತೆ ತಿದ್ದಿದರೆ ಹಳೆಯ ಶಕ್ತಿ ನೂರ ಮೂವತ್ತೇಳು. ಮೇಸ್ತ್ರಿಯ ಕೈಯಲ್ಲಿ ಕಾರು ಕುದುರೆ ಕಳೆದುಕೊಂಡಿಲ್ಲ, ಮೂರು ಗಳಿಸಿದೆ. ಹಳೆಯ ಹಾಳೆಯ ಕೆಳಗಿರುವ ಸಹಿ ಗ್ರಾಫಕ್ಕನದೇ.

ಅವರು ಎರಡೂ ಹಾಳೆ ಹಿಡಿದು ಯಜಮಾನರ ಮೇಜಿನ ಮುಂದೆ ನಿಲ್ಲುತ್ತಾರೆ. “ತಪ್ಪು ನಂದು. ಮೇಸ್ತ್ರಿ ಕೆಲಸದಲ್ಲಿ ಕೊರತೆ ಇಲ್ಲ.”

“ಹೊರಗೆ ಹೇಳಿದ್ರೆ ನಮ್ಮ ಡೈನೋನ ಯಾರು ನಂಬ್ತಾರೆ?”

“ಹೇಳದಿದ್ರೆ ನಾನೇ ನಂಬಲ್ಲ.”

ಯಜಮಾನರು ಹಾಳೆಗಳನ್ನು ಎರಡು ಸಲ ನೋಡಿ, “ಪೆಟ್ಟಿಗೆ ಬಿಚ್ಚಿ ಮೇಸ್ತ್ರಿ,” ಎನ್ನುತ್ತಾರೆ.

“ರಾತ್ರಿಯೆಲ್ಲ ಯಾವ ಬೋಲ್ಟ್ ಬಿಟ್ಟೆ ಅಂತ ಎಣಿಸ್ತಾ ಬಿದ್ಕೊಂಡಿದ್ದೆ ಅಕ್ಕಾ,” ಎನ್ನುತ್ತಾರೆ ಮೇಸ್ತ್ರಿ.

“ಬೈದುಬಿಡಿ.”

“ಬಯ್ಯೋಕೂ ಸುಸ್ತು.”

ಕಡ್ಡಿ ಮರುದಿನ ಸಂಜೆಯವರೆಗೂ ಅಲ್ಲೇ ನೇತಾಡಿತ್ತು. ಇನ್ನೂ ಆರು ಗಾಡಿಗಳ ಹಾಳೆ ಸುಳ್ಳಾಗಿದೆ. ಯಾರೂ ಕೇಳಿಲ್ಲ. ಆದರೂ ಗ್ರಾಫಕ್ಕ ಬಲಗಿವಿಗೆ ಫೋನ್ ಒತ್ತಿಕೊಂಡು ಮೊದಲನೆಯವನಿಗೆ ವಿಷಯ ತಿಳಿಸುತ್ತಾರೆ.

“ಸ್ನೇಹಿತರಿಗೆಲ್ಲ ಇನ್ನೂರು ಅಂತ ಹೇಳ್ಕೊಂಡು ತಿರುಗಿದೀನಲ್ಲ ಅಕ್ಕಾ,” ಎಂದು ಅವನು ಗೋಳಾಡುತ್ತಾನೆ.

“ನಾನೂ ಸಹಿ ಹಾಕಿ ಕೊಟ್ಟಿದೀನಲ್ಲಪ್ಪ. ಗಾಡಿ ತಗೊಂಡು ಬಾ, ಮತ್ತೆ ಅಳೀತೀನಿ. ಕಡಿಮೆ ಬರುತ್ತೆ, ಬೈಕೋ. ಆದ್ರೆ ಈ ಸಲ ಬಂದಷ್ಟೂ ನಿನ್ನ ಗಾಡೀದೇ ಆಗಿರುತ್ತೆ.”